ನೆರೆ ಬಂದಾಗ ನೆರವು ಬರುವ ದಾರಿ



ನಾವು ವಾಸವಾಗಿರುವ ಈ ಪಾಲಾರಿವಟ್ಟದಲ್ಲಿ ಜನರು ‘ಪಿ.ಓ.ಸಿ.’ ಎಂದು ಕರೆಯುವ ಸಂಸ್ಥೆಯೊಂದುಂಟು. 1968ರಲ್ಲಿ ಸ್ಥಾಪಿತವಾದ ಪಾಸ್ಟೊರಲ್ ಓರಿಯೆಂಟೇಷನ್ ಸೆಂಟರ್ ಎಂಬುದೇ ಅದು. ಕೇರಳದ ಕ್ಯಾಥೊಲಿಕ್ ಬಿಷಪ್ಪರ ಮಂಡಲಿಯ ಕಚೇರಿ ಅಲ್ಲಿದೆ. ಮತವಿಚಾರ ನಮ್ಮ ಈ ಪಾಠದ ವಿಷಯವಲ್ಲ. ಪ್ರಕೃತಿ ಮುನಿದಾಗ ಈ ಇಗರ್ಜಿಗಳ ಬಳಗವು ನೆರವನ್ನು ಹೇಗೆ ಒದಗಿಸುತ್ತದೆ, ಅದರಿಂದ ನಾವು ಕಲಿಯತಕ್ಕದ್ದೇನು ಎಂಬಷ್ಟನ್ನೇ ನೋಡೋಣ.

2018ರ ಆಗಸ್ಟಿನ ಮಹಾಪ್ರವಾಹ

ಆ ತಿಂಗಳ 9ರಂದು ಇಡುಕ್ಕಿಯ ಚೆರುತೋಣಿ ಅಣೆಕಟ್ಟಿನ ಬಾಗಿಲನ್ನು 26 ವರ್ಷಗಳ ತರುವಾಯ ತೆರೆದರು. ಪೆರಿಯಾರ್ ನದಿ ಉಕ್ಕಿ ಆಲುವಾ, ಪರವೂರು ಕಡೆಯ ಊರುಗಳು ಜಲಮಯವಾದುವು. ನೆಡುಂಬಾಶ್ಶೇರಿಯ ವಿಮಾನ ನಿಲ್ದಾಣ 15ರಿಂದ 29ರವರೆಗೆ ಮುಚ್ಚಿತ್ತು. ರಾಜ್ಯದಲ್ಲಿ 400ಕ್ಕೂ ಹೆಚ್ಚು ಜನ ಅಸುನೀಗಿದರು. 14 ಲಕ್ಷದಷ್ಟು ಜನ ಶಿಬಿರಗಳಲ್ಲಿ ತಂಗಿದ್ದರು. ಅದೇ ದಿನಗಳಲ್ಲಿ ನಮ್ಮ ಕೊಡಗಿನಲ್ಲಿಯೂ ಗುಡ್ಡಗಳು ಜರಿದು ಮಕ್ಕಂದೂರು, ಜೋಡುಪಾಲದ ಕಡೆಯವರು ಮನೆಮಾರು ಕಳೆದುಕೊಂಡರು.

ಇಷ್ಟು ದೊಡ್ಡ ವಿಪತ್ತಿನಲ್ಲಿ ಮುಖ್ಯ ಹೊಣೆ ಸರಕಾರದ್ದೇ. ಆದರೆ ಇಗರ್ಜಿ, ಮಸೀದಿ, ದೇವಸ್ಥಾನ, ಶಾಲೆ, ಗ್ರಂಥಾಲಯಗಳೆಲ್ಲ ಬಾಗಿಲು ತೆರೆದುವು. ಇಗರ್ಜಿಗಳಿಗೆ ಅನುಕೂಲವಾದುದು ಅವುಗಳ ಮೆಟ್ಟಲು ಮೆಟ್ಟಲಾದ ಏರ್ಪಾಡು.

ಮೆಟ್ಟಲುಗಳು

ಮೊದಲನೆಯದು ಇಪ್ಪತ್ತು ಮೂವತ್ತು ಮನೆಗಳ ‘ಕುಟುಂಬ ಕೂಟಾಯ್ಮ’. ಯಾವ ಮನೆಯಲ್ಲಿ ಹಾಸಿಗೆ ಹಿಡಿದ ಮುದುಕಿ ಇದ್ದಾಳೆ, ಯಾರ ಮನೆಯಲ್ಲಿ ಬಸುರಿ ಇದ್ದಾಳೆ ಎಂಬುದು ಈ ಕೂಟದವರಿಗೆ ಗೊತ್ತು. ಎರಡನೆಯದು ಇಗರ್ಜಿಯ ಆಡಳಿತ. ಅದಕ್ಕೆ ಸಭಾಂಗಣ, ಬಾವಿ, ಅಡಿಗೆಯ ಪಾತ್ರೆ ಉಂಟು. ಮೂರನೆಯದು ಧರ್ಮಪ್ರಾಂತದ ಸಮಾಜಸೇವಾ ಸಂಸ್ಥೆ. ತಿರುವನಂತಪುರದಲ್ಲಿ ಇಂಥದೊಂದಿದೆ; ಮಂಗಳೂರಿನಲ್ಲಿ ಸಿ.ಓ.ಡಿ.ಪಿ., ಮೈಸೂರಿನಲ್ಲಿ ಓ.ಡಿ.ಪಿ. ಎಂಬುವು ಇದೇ ಬಗೆಯವು. ಕೇರಳದ ಇಂಥ ಸಂಸ್ಥೆಗಳನ್ನು ಕೇರಳ ಸೋಷಿಯಲ್ ಸರ್ವಿಸ್ ಫೋರಮ್ ಒಂದುಗೂಡಿಸುತ್ತದೆ. ಅದರ ಮೇಲೆ 1962ರಲ್ಲಿ ಹುಟ್ಟಿದ ದಿಲ್ಲಿಯ ಕಾರಿತಾಸ್ ಇಂಡಿಯಾ. ಪ್ರಾಟೆಸ್ಟಂಟ್ ಮತ್ತು ಆರ್ಥಡಾಕ್ಸ್ ಸಭೆಗಳಿಗೆ ‘ಕಾಸಾ’ ಎಂಬ ಸಂಸ್ಥೆಯುಂಟು. ಅದು 1947ರಲ್ಲಿ ದೇಶವಿಭಜನೆಯ ನಿರಾಶ್ರಿತರಿಗಾಗಿ ಹುಟ್ಟಿತು.

ಇಲ್ಲಿ ಗಮನಿಸತಕ್ಕ ಅಂಶ ಒಂದುಂಟು. ಸುದ್ದಿ ಕೆಳಗಿನಿಂದ ಮೇಲಕ್ಕೆ ಏರುತ್ತದೆ. ಸಾಮಾನು ಮೇಲಿನಿಂದ ಕೆಳಕ್ಕೆ ಇಳಿಯುತ್ತದೆ. ಕೆಳಗಿನ ಪಟ್ಟಿ ತಪ್ಪಾದರೆ ಮೇಲಿನ ಉದಾರತೆ ವ್ಯರ್ಥ. ಗಿರಣಿಯಲ್ಲಿ ಹಾಜರಿ ಪುಸ್ತಕ ಸರಿಯಿಲ್ಲದಿದ್ದರೆ ಸಂಬಳದ ದಿನ ಏನಾಗುವುದೆಂದು ನಮಗೆ ಯಾರೂ ಹೇಳಿಕೊಡಬೇಕಾಗಿಲ್ಲ.

ಹೆಸರಿನ ಬೆಲೆ

2017ರ ನವೆಂಬರ್ ಕಡೆಯಲ್ಲಿ ಓಖಿ ಚಂಡಮಾರುತ ಬಂದಾಗ ಇದು ಮನದಟ್ಟಾಯಿತು. ತಿರುವನಂತಪುರದ ಪೂಂದುರ, ವಿಳಿಂಜಂ ಕರಾವಳಿಯ ಬೆಸ್ತರು ಕಡಲಲ್ಲಿ ಸಿಕ್ಕಿಕೊಂಡರು. ಕಾಣೆಯಾದವರೆಷ್ಟು ಎಂಬುದಕ್ಕೆ ಲ್ಯಾಟಿನ್ ಮಹಾಧರ್ಮಪ್ರಾಂತದ ಲೆಕ್ಕ ಸರಕಾರದ ಲೆಕ್ಕಕ್ಕಿಂತ ಹೆಚ್ಚಿತ್ತು. ಇಗರ್ಜಿಗಳವರು ಮನೆಮನೆಯಿಂದ ಹೆಸರು ಕೂಡಿಸಿದ್ದರು. ಪಟ್ಟಿಯಲ್ಲಿಲ್ಲದವನನ್ನು ಯಾರೂ ಹುಡುಕುವುದಿಲ್ಲ. ಅವನ ಹೆಂಡತಿ ಪರಿಹಾರ ಕೇಳಲು ಹೋದರೆ ಆಧಾರವಿರುವುದಿಲ್ಲ.

ಮರುವರ್ಷದ ನೆರೆಯಲ್ಲಿ ಇದೇ ಕಡಲತಡಿಯ ಬೆಸ್ತರು ದೋಣಿಗಳನ್ನು ಲಾರಿಗೇರಿಸಿ ಪತ್ತನಂತಿಟ್ಟ, ಚೆಂಗನ್ನೂರುಗಳಿಗೆ ಹೋದರು. ಪಾದ್ರಿಗಳು ಕರೆಕೊಟ್ಟಾಗ ಎದ್ದವರು ಕೆಲವರು, ತಾವಾಗಿ ಎದ್ದವರು ಹಲವರು. ಎಲ್ಲ ಮತದವರೂ ಇದ್ದರು. ಹಿಂದಿನ ವರ್ಷ ತಾವೇ ಸಂತ್ರಸ್ತರಾಗಿದ್ದವರು ಸಾವಿರಾರು ಜನರ ಪ್ರಾಣ ಉಳಿಸಿದರು.

ಲೆಕ್ಕ ಮತ್ತು ಅಳತೆ

ನೆರವಿಗೂ ಅಳತೆಯುಂಟು. ಜಗತ್ತಿನ ಪರಿಹಾರ ಸಂಸ್ಥೆಗಳು 1997ರಿಂದ ಕೂಡಿ ರೂಪಿಸಿದ ‘ಸ್ಫಿಯರ್’ ನಿಯಮಗಳ ಪ್ರಕಾರ ಶಿಬಿರದಲ್ಲಿ ತಲೆಗೆ ದಿನಕ್ಕೆ 15 ಲೀಟರ್ ನೀರು, 3.5 ಚದರ ಮೀಟರ್ ಜಾಗ, 20 ಜನಕ್ಕೆ ಒಂದು ಪಾಯಿಖಾನೆ ಕನಿಷ್ಠವಾಗಿ ಬೇಕು. ನೀರಿಳಿದ ಮೇಲೆ ಬಾವಿ ಶುದ್ಧಮಾಡುವುದು, ಇಲಿಜ್ವರ ತಡೆಯುವುದು, ಹಾಳಾದ ಕಾಗದಪತ್ರ ಮರಳಿ ಪಡೆಯುವುದು ತಿಂಗಳುಗಟ್ಟಲೆ ನಡೆಯುವ ಕೆಲಸ. 2018ರಲ್ಲಿ ಇಲಿಜ್ವರ ನೆರೆಯ ಬೆನ್ನಿಗೇ ಬಂತು. ಆ ಹೊತ್ತಿಗೆ ಹಳೆಯ ಬಟ್ಟೆಯ ಗಂಟು ಕಳಿಸುವುದಕ್ಕಿಂತ ಕೇಳಿ ತಿಳಿದು ಬಕೆಟ್ಟು, ಪೊರಕೆ, ಔಷಧ ಕಳಿಸುವುದು ಲೇಸು.

ಹಣದ ದಾರಿಯೂ ಈಚೆಗೆ ಬದಲಾಗಿದೆ. ವಿದೇಶೀ ದೇಣಿಗೆಯ ಕಾಯಿದೆಗೆ 2020ರಲ್ಲಿ ತಿದ್ದುಪಡಿಯಾದ ಮೇಲೆ, ಹೊರನಾಡಿನಿಂದ ಬಂದ ಹಣವನ್ನು ಒಂದು ಸಂಸ್ಥೆ ಇನ್ನೊಂದಕ್ಕೆ ದಾಟಿಸುವಂತಿಲ್ಲ. ಹೀಗಾಗಿ ಊರೊಳಗೇ ಕೂಡಿಸಿದ ಹಣದ ಮಹತ್ವ ಹೆಚ್ಚಿದೆ. ಹನಿಗೂಡಿದರೆ ಹಳ್ಳ.

ನಮಗೆ ಸಂಬಂಧಿಸಿದ ಮಾತು

ಈ ಏರ್ಪಾಡಿನ ಬಲವೇ ಅದರ ಮಿತಿ. ಇಗರ್ಜಿಯ ಪಟ್ಟಿಯಲ್ಲಿ ಇಗರ್ಜಿಯ ಮನೆಗಳಿರುತ್ತವೆ. ಊಟ ಬಡಿಸುವಾಗ ಮತ ಕೇಳದಿರಬಹುದು. ಆದರೆ ಬಾಡಿಗೆಯ ಕೋಣೆಯಲ್ಲಿ ಐವರು ಮಲಗುವ, ಪಾಳಿ ಕೆಲಸಕ್ಕೆ ಹೋಗುವ, ಮಲೆಯಾಳ ಅರೆಬರೆ ಬಲ್ಲ ಪರಸ್ಥಳದವನು ಅಲ್ಲಿದ್ದಾನೆಂದು ತಿಳಿದವರಾರು? ಇಗರ್ಜಿ, ದೇವಸ್ಥಾನ, ಪಂಚಾಯಿತಿ ಯಾವುದರ ದಫ್ತರದಲ್ಲಿಯೂ ಅವನ ಹೆಸರಿಲ್ಲದಿರಬಹುದು. ಅವನೇ ನಾವು.

ಆದುದರಿಂದ ನಾವು ಮಳೆಗಾಲಕ್ಕೆ ಮುಂಚೆ ಮಾಡತಕ್ಕ ಕೆಲಸಗಳು ಇವು:

1. ಪ್ರತಿಯೊಂದು ಕೋಣೆಯವರೂ ತಮ್ಮ ಹೆಸರು, ಕೆಲಸದ ಸ್ಥಳ, ರಕ್ತದ ಗುಂಪು, ಊರಿನ ಒಬ್ಬ ಬಂಧುವಿನ ದೂರವಾಣಿ ಸಂಖ್ಯೆಯನ್ನು ವಾಚನಾಲಯದ ಪುಸ್ತಕದಲ್ಲಿ ಬರೆಸುವುದು.

2. ಹತ್ತು ಕೋಣೆಗಳಿಗೆ ಒಬ್ಬ ಹೊಣೆಗಾರನನ್ನು ಆರಿಸುವುದು.

3. ಪಟ್ಟಿಯ ಒಂದು ಪ್ರತಿಯನ್ನು, ಹೆಸರು ಕೊಟ್ಟವರ ಒಪ್ಪಿಗೆ ಪಡೆದು, ನಗರಸಭೆಯ ವಾರ್ಡು ಸದಸ್ಯರಿಗೆ ಕೊಡುವುದು.

4. ಆಧಾರ್, ಬ್ಯಾಂಕ್ ಪುಸ್ತಕಗಳನ್ನು ನೀರು ಸೋಕದ ಚೀಲದಲ್ಲಿಡುವುದು.

5. ಜಿಲ್ಲಾ ವಿಪತ್ತು ಕೇಂದ್ರದ 1077 ಮತ್ತು ತುರ್ತು ಸಂಖ್ಯೆ 112 ಇವನ್ನು ಬಾಯಿಪಾಠ ಮಾಡುವುದು.

ಬಾಯಾರಿದಾಗ ಬಾವಿ ತೋಡಲಾಗದು. ಪುಸ್ತಕ ಮೇಜಿನ ಮೇಲಿದೆ, ಪೆನ್ಸಿಲ್ ಅದಕ್ಕೆ ಕಟ್ಟಿದೆ. ಓದು ಬಾರದ ಗೆಳೆಯನಿದ್ದರೆ ಕೈಹಿಡಿದು ಕರೆತನ್ನಿ, ನಾವು ಬರೆದುಕೊಳ್ಳುತ್ತೇವೆ.