ಮೆಸ್ಸಿನ ಊಟ, ಊರಿನ ಡಬ್ಬಿ ಮತ್ತು ಕಾಲೇಜು ಮಕ್ಕಳ ತೂಕ

ಈ ಸಲ ಬೆಳೆಯ ಮಾತು ಕಡಿಮೆ, ಬೆಳೆದ ಮಕ್ಕಳ ಮಾತು ಹೆಚ್ಚು. ನಮ್ಮ ಜತ್ತ ತಾಲ್ಲೂಕಿನ ಉಮದಿ, ಸಂಖ, ಮಾಡಗ್ಯಾಳ ಕಡೆಯ ಹಳ್ಳಿಗಳಿಂದ ಹನ್ನೆರಡನೆಯ ತರಗತಿ ಮುಗಿಸಿದ ಮಕ್ಕಳು ಸಾಂಗಲಿ, ಮಿರಜ, ವಿಜಯಪುರದ ಕಾಲೇಜುಗಳಿಗೆ ಸೇರಿ ಅಲ್ಲಿಯೇ ಕೋಣೆ ಹಿಡಿದು ಇರುತ್ತಾರೆ. ದೀಪಾವಳಿ ರಜೆಗೆ ಊರಿಗೆ ಬಂದಾಗ "ಕೂಸು ಮೈಕೈ ತುಂಬಿಕೊಂಡೈತಿ" ಎಂದು ಅಜ್ಜಿ ಹಿಗ್ಗುತ್ತಾಳೆ. ಕೂಸಿಗೆ ಮಾತ್ರ ಹಳೆಯ ಅಂಗಿಯ ಗುಂಡಿ ಹತ್ತುತ್ತಿಲ್ಲವೆಂಬ ಚಿಂತೆ.

ಹಿರಿಯರ ಹಿಗ್ಗಿಗೆ ಕಾರಣವಿಲ್ಲದಿಲ್ಲ. 1972ರ ಬರದಲ್ಲಿ ಹೊರದೇಶದ ಮಿಲೋ ಜೋಳ ತಿಂದು, ಬರಗಾಲದ ಕಾಮಗಾರಿಯಲ್ಲಿ ಕಲ್ಲು ಒಡೆದವರಿಗೆ ಮೈತುಂಬಿದ ಮಗುವೇ ಆರೋಗ್ಯದ ಗುರುತು. ಆದರೆ ಇಂದು ನಮ್ಮ ಜನರಲ್ಲಿ ಸಕ್ಕರೆ ಕಾಯಿಲೆ ನಡುವಯಸ್ಸಿಗೆ ಮುಂಚೆಯೇ ಕಾಣಿಸಿಕೊಳ್ಳುತ್ತಿದೆ. ಹೊಟ್ಟೆಯ ಸುತ್ತ ಸೇರುವ ಕೊಬ್ಬು ಅದಕ್ಕೆ ದೊಡ್ಡ ಕಾರಣಗಳಲ್ಲೊಂದು.

ಮೊದಲು ತೂಕ ನಿಜವಾಗಿಯೂ ಹೆಚ್ಚಾಗಿದೆಯೇ ಎಂದು ನೋಡಿಕೊಳ್ಳಬೇಕು. ಕಿಲೋಗ್ರಾಂ ತೂಕವನ್ನು ಮೀಟರ್ ಎತ್ತರದಿಂದ ಎರಡು ಸಲ ಭಾಗಿಸಿರಿ. ಭಾರತೀಯರಿಗೆ 18.5ರಿಂದ 23ರೊಳಗೆ ಇದ್ದರೆ ಸರಿ. 25 ದಾಟಿದರೆ ಬೊಜ್ಜು ಎನ್ನುತ್ತಾರೆ. 160 ಸೆಂ.ಮೀ. ಎತ್ತರದ ಹುಡುಗಿಗೆ 48ರಿಂದ 59 ಕಿಲೋ ತಕ್ಕ ತೂಕ. ಸೊಂಟದ ಸುತ್ತಳತೆ ಹೆಣ್ಣುಮಕ್ಕಳಿಗೆ 80, ಗಂಡುಮಕ್ಕಳಿಗೆ 90 ಸೆಂ.ಮೀ. ಮೀರಬಾರದು. 52 ಕಿಲೋ ಇರುವ ಹುಡುಗಿ ಗೆಳತಿಯ ಮಾತು ಕೇಳಿ ಊಟ ಬಿಡಬೇಕಾಗಿಲ್ಲ.

ತೂಕ ಏರುವುದೇಕೆ? ಊರಿನಲ್ಲಿ ಇದೇ ಮಗು ನೀರು ಹೊರುತ್ತಿತ್ತು, ಕಣಿಕೆ ತರುತ್ತಿತ್ತು, ರಜೆಯಲ್ಲಿ ಕುರಿಗಳ ಹಿಂದೆ ತಿರುಗುತ್ತಿತ್ತು. ಪಟ್ಟಣದಲ್ಲಿ ಬೆಳಿಗ್ಗೆ ಬೆಂಚು, ಸಂಜೆ ಹಾಸಿಗೆ, ಕೈಯಲ್ಲಿ ಮೊಬೈಲು. ಹೊಲದ ದುಡಿಮೆಯ ಹಸಿವು ಮಾತ್ರ ರೂಢಿಯಾಗಿ ಉಳಿದಿರುತ್ತದೆ. ಮೆಸ್ಸಿನಲ್ಲಿ ಸಿಗುವುದು ಚಪಾತಿ, ಬಟಾಟೆ ಪಲ್ಯ, ಅನ್ನ, ತೆಳುವಾದ ಬೇಳೆಸಾರು. ಇದರಲ್ಲಿ ಪಿಷ್ಟ ಹೆಚ್ಚು, ಪ್ರೋಟೀನು ಕಡಿಮೆ. ಹೀಗಾಗಿ ನಾಲ್ಕು ಗಂಟೆಗೆ ಮತ್ತೆ ಹಸಿವು, ವಡಾಪಾವಿನ ಗಾಡಿಯ ಮುಂದೆ ನಿಲ್ಲುವುದು. ಒಂದು ವಡಾಪಾವಿನಿಂದ ಹೆಚ್ಚುಕಡಿಮೆ 300 ಕ್ಯಾಲೊರಿ ಬರುತ್ತದೆ. ಅಷ್ಟನ್ನು ಕರಗಿಸಲು ಒಂದು ಗಂಟೆಗೂ ಮೇಲ್ಪಟ್ಟು ಚುರುಕಾಗಿ ನಡೆಯಬೇಕು.

ಚಹದ ಲೆಕ್ಕ ಯಾರೂ ಇಡುವುದಿಲ್ಲ. ಒಂದು ಚಮಚೆ ಸಕ್ಕರೆ ಎಂದರೆ 5 ಗ್ರಾಂ, 20 ಕ್ಯಾಲೊರಿ. ದಿನಕ್ಕೆ ನಾಲ್ಕು ಕಪ್ಪು, ಕಪ್ಪಿಗೆ ಎರಡು ಚಮಚೆ ಎಂದರೆ 160 ಕ್ಯಾಲೊರಿ, ತಿಂಗಳಿಗೆ 4,800. ಒಂದು ಕಿಲೋ ಕೊಬ್ಬಿನಲ್ಲಿ ಸುಮಾರು 7,700 ಕ್ಯಾಲೊರಿ ಅಡಗಿರುತ್ತದೆ. ಅಂದರೆ ಚಹದ ಸಕ್ಕರೆ ಒಂದೇ ಎರಡು ತಿಂಗಳಲ್ಲಿ ಒಂದು ಕಿಲೋಗೂ ಹೆಚ್ಚು ಕೊಬ್ಬಿನ ಬಾಬತ್ತು! ಮೆಸ್ಸಿನವರು ಅಡುಗೆ ಬದಲಿಸಲಿಕ್ಕಿಲ್ಲ, ಆದರೆ ಕಪ್ಪು ನಮ್ಮ ಕೈಯಲ್ಲಿದೆ. ಎರಡು ಕಪ್ಪು ಸಾಕು. ಬಾಟಲಿ ಪಾನೀಯವನ್ನು ಪೂರ್ತಿ ಬಿಡಿರಿ.

ತಟ್ಟೆಯ ಮುಂದೆ ಕುಳಿತಾಗ ಏನು ಮಾಡಬಹುದು? ಬೇಳೆಸಾರನ್ನು ತಳದಿಂದ ಕಲಕಿ ಬಡಿಸಿಕೊಳ್ಳಿರಿ, ಎರಡು ಬಟ್ಟಲು ಕೇಳಿರಿ, ನಾಚಿಕೆ ಬೇಡ. ಚಪಾತಿ, ಅನ್ನ ಎರಡನ್ನೂ ಹೊಟ್ಟೆತುಂಬ ಉಣ್ಣದೆ ಒಂದನ್ನು ಅರ್ಧ ಮಾಡಿರಿ. ಪಲ್ಯದ ಮೇಲೆ ತೇಲುವ ಎಣ್ಣೆಯನ್ನು ಬದಿಗೆ ಸರಿಸಿರಿ. ಒಂದು ದೊಡ್ಡ ಚಮಚೆ ಎಣ್ಣೆಯಲ್ಲಿ 120 ಕ್ಯಾಲೊರಿ ಇದೆ. ಸಂತೆಯಲ್ಲಿ ಸವತಿಕಾಯಿ, ಮೂಲಂಗಿ, ಗಜ್ಜರಿ ಕೊಂಡು ತೊಳೆದಿಟ್ಟುಕೊಳ್ಳಲು ಒಲೆ ಬೇಕಿಲ್ಲ. ಮೊಟ್ಟೆ ತಿನ್ನುವವರಿಗೆ ಬೇಯಿಸಿದ ಮೊಟ್ಟೆಗಿಂತ ಸುಲಭದ ಪ್ರೋಟೀನು ಬೇರೊಂದಿಲ್ಲ: 70 ಕ್ಯಾಲೊರಿಗೆ 6 ಗ್ರಾಂ.

ಇನ್ನು ತಾಯಂದಿರ ಪಾಲು. ಹಿಂದೆ ಹಳ್ಳಿಯಿಂದ ಎಸ್.ಟಿ. ಬಸ್ಸಿನಲ್ಲಿ ಊಟದ ಡಬ್ಬಿ ಏರಿಸಿ ಕಳಿಸಿ ಎಷ್ಟೋ ಮಕ್ಕಳನ್ನು ಓದಿಸಿದ್ದೇವೆ. ದಿನವೂ ಡಬ್ಬಿ ಕಳಿಸಲಾಗದಿದ್ದರೂ, ಊರಿಗೆ ಬಂದ ಮಗು ತಿರುಗಿ ಹೊರಟಾಗ ಚೀಲದಲ್ಲಿ ಏನಿಡುತ್ತೇವೆ ಎಂಬುದು ಮುಖ್ಯ. ಚಕ್ಕುಲಿ, ಉಂಡಿ, ಚೂಡಾ ಕಟ್ಟಿ ಕೊಡುವ ಕೈ ಒಂದಿಷ್ಟು ಬಿಗಿಯಾಗಲಿ. ಒಣದ್ರಾಕ್ಷಿ ನಮ್ಮ ಜಿಲ್ಲೆಯ ಹೆಮ್ಮೆಯೇ ಸರಿ, ಆದರೆ 100 ಗ್ರಾಂನಲ್ಲಿ 300 ಕ್ಯಾಲೊರಿ ಇರುತ್ತದೆ. ಓದುತ್ತ ಓದುತ್ತ ಮುಷ್ಟಿಗಟ್ಟಲೆ ಬಾಯಿಗೆ ಹಾಕಿಕೊಳ್ಳುವ ವಸ್ತುವಲ್ಲ. ಶೇಂಗಾ ಕೂಡ ಹಾಗೆಯೇ, ಒಂದು ಹಿಡಿ ಸಾಕು. ಅದರ ಬದಲು ಪುಠಾಣಿಯನ್ನೋ ಸಿಪ್ಪೆಸಹಿತ ಹುರಿದ ಕಡಲೆಯನ್ನೋ ಕಳಿಸಿರಿ. 50 ಗ್ರಾಂ ಹುರಿದ ಕಡಲೆಯಲ್ಲಿ ಸುಮಾರು 10 ಗ್ರಾಂ ಪ್ರೋಟೀನು ಇದ್ದು, ವಡಾಪಾವಿಗಿಂತ ಕ್ಯಾಲೊರಿ ಕಡಿಮೆ, ಹೊಟ್ಟೆಯಲ್ಲಿ ನಿಲ್ಲುವುದೂ ಹೆಚ್ಚು ಹೊತ್ತು. ಹೊಲದ ಮಡಕಿಕಾಳು, ಹೆಸರುಕಾಳು ಒಂದೊಂದು ಕಿಲೋ ಕೊಟ್ಟರೆ, ರಾತ್ರಿ ನೆನೆಹಾಕಿ ಬಟ್ಟೆಯಲ್ಲಿ ಕಟ್ಟಿ ಮೊಳಕೆ ಬರಿಸಿಕೊಳ್ಳಬಹುದು. ಹಸಿಯಾಗಿ ತಿನ್ನದೆ ಬೇಯಿಸಿ, ಮೇಲೆ ಲಿಂಬೆಹಣ್ಣು ಹಿಂಡಿಕೊಳ್ಳಲಿ.

ಖಡಕ್ ರೊಟ್ಟಿಯ ಬಗ್ಗೆ ಒಂದು ಮಾತು. 2023ನ್ನು ವಿಶ್ವಸಂಸ್ಥೆ ಸಿರಿಧಾನ್ಯ ವರ್ಷವೆಂದು ಸಾರಿದ ಮೇಲೆ ಜೋಳ ತಿಂದರೆ ಸಾಕು, ತೂಕ ತಾನೇ ಇಳಿಯುತ್ತದೆಂದು ಹೇಳುವವರು ಹೆಚ್ಚಾಗಿದ್ದಾರೆ. ಹಾಗಿಲ್ಲ. ಜೋಳಕ್ಕೂ ಅಕ್ಕಿಗೂ ಶಕ್ತಿ ಹೆಚ್ಚುಕಡಿಮೆ ಒಂದೇ, 100 ಗ್ರಾಂಗೆ 330ರಿಂದ 360 ಕ್ಯಾಲೊರಿ. ವ್ಯತ್ಯಾಸ ನಾರಿನಲ್ಲಿದೆ: ಜೋಳದಲ್ಲಿ ಸುಮಾರು 10 ಗ್ರಾಂ, ಪಾಲಿಶ್ ಅಕ್ಕಿಯಲ್ಲಿ 3 ಗ್ರಾಂ. ನಾರು ಹೊಟ್ಟೆಯನ್ನು ಬೇಗ ತುಂಬಿಸಿ, ಹಸಿವನ್ನು ತಡವಾಗಿ ತರುತ್ತದೆ. ಅಷ್ಟೇ ಅದರ ಗುಟ್ಟು. ಖಡಕ್ ರೊಟ್ಟಿ ವಾರಗಟ್ಟಲೆ ಕೆಡದಿರುವುದು ಕೋಣೆಯಲ್ಲಿರುವವರಿಗೆ ದೊಡ್ಡ ಅನುಕೂಲ, ಆದರೆ ತೆಳ್ಳಗಿರುವುದರಿಂದ ಮಾತಿನ ಭರದಲ್ಲಿ ಐದಾರು ಹೋದದ್ದೇ ತಿಳಿಯುವುದಿಲ್ಲ. ಎರಡು ಎಣಿಸಿ ತೆಗೆದು, ಡಬ್ಬಿಯ ಮುಚ್ಚಳ ಹಾಕಿಬಿಡಿರಿ.

ನಮಗೆ ಹೆಚ್ಚು ಭಯವಿರುವುದು ಉಪವಾಸದ ವಿಷಯದಲ್ಲಿ. ಬೆಳಿಗ್ಗೆ ಬರಿಯ ಚಹ, ಮಧ್ಯಾಹ್ನ ಏನೂ ಇಲ್ಲ ಎಂದು ನಡೆಸುವ ಹೆಣ್ಣುಮಕ್ಕಳಿದ್ದಾರೆ. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ದೇಶದಲ್ಲಿ 15ರಿಂದ 19 ವಯಸ್ಸಿನ ಹುಡುಗಿಯರಲ್ಲಿ ನೂರಕ್ಕೆ 59 ಮಂದಿಗೆ ರಕ್ತಹೀನತೆ. ಅಂಥವರು ಊಟ ಬಿಟ್ಟರೆ ಕೊಬ್ಬಿನ ಜೊತೆಗೆ ಸ್ನಾಯುವೂ ಕರಗುತ್ತದೆ, ತಲೆ ಸುತ್ತುತ್ತದೆ, ಓದು ತಲೆಗೆ ಹತ್ತುವುದಿಲ್ಲ. ರಾತ್ರಿಯ ಹಸಿವು ಎರಡು ಊಟವನ್ನು ಒಟ್ಟಿಗೆ ತಿನ್ನಿಸುತ್ತದೆ. ದಿನಕ್ಕೆ 500 ಕ್ಯಾಲೊರಿ ಕಡಿಮೆಯಾದರೆ ಸಾಕು, ಮೊದಮೊದಲು ವಾರಕ್ಕೆ ಸುಮಾರು ಅರ್ಧ ಕಿಲೋ ಇಳಿಯುತ್ತದೆ. ಅದಕ್ಕಿಂತ ಅವಸರ ಬೇಡ. ಊಟದ ಜೊತೆಗೇ ಚಹ ಕುಡಿದರೆ ಕಬ್ಬಿಣದಂಶ ಮೈಗೆ ಹತ್ತುವುದಿಲ್ಲ, ಒಂದು ಗಂಟೆ ಬಿಟ್ಟು ಕುಡಿಯಿರಿ.

ತಪಸ್ಸುಕಾಲದ ಉಪವಾಸವನ್ನು ಇದಕ್ಕೆ ಬೆರೆಸಬೇಡಿರಿ. ಧರ್ಮಸಭೆ ವಿಭೂತಿ ಬುಧವಾರ ಮತ್ತು ಶುಭ ಶುಕ್ರವಾರ, 18 ತುಂಬಿದವರಿಂದ 59 ತುಂಬುವವರೆಗಿನವರಿಗೆ ಉಪವಾಸ ವಿಧಿಸಿದೆ. ಅಂದು ಸಹ ಒಂದು ಪೂರ್ಣ ಊಟಕ್ಕೆ ಅವಕಾಶವಿದೆ, ರೋಗಿಗಳಿಗೆ ವಿನಾಯಿತಿಯಿದೆ. ಅದು ಪ್ರಾರ್ಥನೆಗೆ ಮತ್ತು ಬಡವರ ಪಾಲಿಗೆ, ಸೊಂಟದ ಅಳತೆಗಲ್ಲ.

ನಡೆಯುವ ವಿಷಯ ಹೆಚ್ಚು ಹೇಳಬೇಕಿಲ್ಲ. ಎರಡು ನಿಲ್ದಾಣ ಮೊದಲೇ ಬಸ್ಸಿನಿಂದ ಇಳಿಯಿರಿ. ರಜೆಗೆ ಬಂದಾಗ ಹೊಲಕ್ಕೆ ಹೋಗಿರಿ, ಅಪ್ಪನಿಗೂ ಒಂದು ಕೈ ಸಿಕ್ಕಂತಾಗುತ್ತದೆ.

ತಿಂಗಳಲ್ಲಿ ಹತ್ತು ಕಿಲೋ ಇಳಿಸುತ್ತೇವೆಂಬ ಪುಡಿ, ಗುಳಿಗೆಗಳ ಜಾಹೀರಾತಿಗೆ ಹಣ ಸುರಿಯಬೇಡಿರಿ. ಊಟ ಹೆಚ್ಚಾಗದೆ ತೂಕ ಒಮ್ಮೆಲೇ ಏರಿದರೆ, ಮುಟ್ಟು ತಪ್ಪುತ್ತಿದ್ದರೆ, ಸದಾ ದಣಿವಿದ್ದರೆ ಥೈರಾಯ್ಡ್ ಅಥವಾ ಅಂಡಾಶಯದ ತೊಂದರೆ ಇರಬಹುದು. ಸರಕಾರಿ ಆಸ್ಪತ್ರೆಯಲ್ಲಿ ತೋರಿಸಿ, ಹಿಮೋಗ್ಲೋಬಿನ್ ಪರೀಕ್ಷೆಯನ್ನೂ ಆಗಲೇ ಮಾಡಿಸಿಕೊಳ್ಳಿರಿ. ಹುಡುಗಿಯರಿಗೆ ಅದು 12ಕ್ಕಿಂತ ಕಡಿಮೆಯಿದ್ದರೆ ತೂಕ ಇಳಿಸುವ ಮಾತು ಆಮೇಲೆ, ಮೊದಲು ಕಬ್ಬಿಣದ ಗುಳಿಗೆ.