ಮೊದಲ ಪೆಟ್ಟಿನ ಪ್ರಶ್ನೆ: ಫಂಕ್, ರೆಗೆ ಮತ್ತು ಸ್ವತಂತ್ರ ಸಂಗೀತದ ಲಯವಿಚಾರ

ಹಲವು ಪ್ರಕಾರಗಳನ್ನು ಒಳಗೊಂಡ ಆಧುನಿಕ ಸಂಗೀತವನ್ನು ಕುರಿತು ಬರೆಯುವವರು ‘ಮಿಶ್ರಣ’ ಎಂಬ ಪದವನ್ನು ಧಾರಾಳವಾಗಿ ಬಳಸುತ್ತಾರೆ. ಈ ಬಳಕೆಯ ಹಿಂದೆ ಅಡುಗೆಮನೆಯ ಕಲ್ಪನೆಯೊಂದು ಅಡಗಿದೆ. ಇದರಿಂದ ಒಂದು ಹಿಡಿ, ಅದರಿಂದ ಒಂದು ಹಿಡಿ ಹಾಕಿ ಕಲಸಿದರೆ ಹೊಸದೊಂದು ಸಿದ್ಧವಾಗುತ್ತದೆ ಎಂಬ ಕಲ್ಪನೆ. ಆದರೆ ಕರ್ನಾಟಕ ಸಂಗೀತದ ತಾಳಶಾಸ್ತ್ರದಲ್ಲಿ ‘ಮಿಶ್ರ’ ಎಂಬ ಮಾತಿಗೆ ಹೆಚ್ಚು ನಿಖರವಾದ ಅರ್ಥವಿದೆ. ಮೂರೂ ನಾಲ್ಕೂ ಸೇರಿ ಏಳಾದಾಗ ಅದು ಮಿಶ್ರ. ಆ ಏಳರೊಳಗೆ ಮೂರು ಉಳಿದಿರುತ್ತದೆ, ನಾಲ್ಕು ಉಳಿದಿರುತ್ತದೆ. ನಡೆ ಮಾತ್ರ ಎರಡರದೂ ಆಗಿರುವುದಿಲ್ಲ. ಫಂಕ್ ಮತ್ತು ರೆಗೆಗಳನ್ನು ಕೂಡಿಸಿದ ಸಂಗೀತವನ್ನು ಪರಿಶೀಲಿಸುವುದಕ್ಕೆ ಈ ಎರಡನೆಯ ಅರ್ಥವೇ ಹೆಚ್ಚು ಉಪಯುಕ್ತವೆಂದು ತೋರುತ್ತದೆ. ಏಕೆಂದರೆ ಈ ಎರಡು ಪ್ರಕಾರಗಳು ವಾದ್ಯಗಳ ದೃಷ್ಟಿಯಿಂದ ಬಹುಮಟ್ಟಿಗೆ ಒಂದೇ. ಡ್ರಮ್, ಬೇಸ್ ಗಿಟಾರ್, ರಿದಂ ಗಿಟಾರ್, ಕೀಲಿಮಣೆ, ಕಹಳೆಗಳು ಎರಡರಲ್ಲಿಯೂ ಇವೆ. ಎರಡೂ ನಾಲ್ಕು ಎಣಿಕೆಯ ಆವರ್ತದಲ್ಲಿಯೇ ನಡೆಯುತ್ತವೆ. ಆದರೂ ಅವು ಎದುರುಬದುರಾಗುವುದು ಒಂದೇ ಒಂದು ಬಿಂದುವಿನಲ್ಲಿ, ಆವರ್ತದ ಮೊದಲ ಪೆಟ್ಟಿನಲ್ಲಿ.

ಫಂಕ್ ಸಂಗೀತದ ಮೂಲಪುರುಷನೆಂದು ಪರಿಗಣಿತನಾಗಿರುವ ಅಮೆರಿಕದ ಗಾಯಕ ಜೇಮ್ಸ್ ಬ್ರೌನ್ ತನ್ನ ವಾದಕರಿಗೆ ಪದೇ ಪದೇ ಹೇಳುತ್ತಿದ್ದುದು ‘ಒಂದು’ ಎಂಬ ಎಣಿಕೆಯ ಮಹತ್ವವನ್ನು. ಅದಕ್ಕೂ ಹಿಂದಿನ ಕರಿಯ ಜನಪ್ರಿಯ ಸಂಗೀತದಲ್ಲಿ ಪೆಟ್ಟಿನ ಭಾರ ಎರಡನೆಯ ಮತ್ತು ನಾಲ್ಕನೆಯ ಎಣಿಕೆಗಳ ಮೇಲೆ ಬೀಳುತ್ತಿತ್ತು. ಬ್ರೌನ್ ಅದನ್ನು ಮೊದಲನೆಯದಕ್ಕೆ ಸರಿಸಿದ. 1965ರ ‘ಪಾಪಾಸ್ ಗಾಟ್ ಎ ಬ್ರಾಂಡ್ ನ್ಯೂ ಬ್ಯಾಗ್’ ಹಾಡಿನಲ್ಲಿ ಕಾಣಿಸಿಕೊಂಡ ಈ ಪಲ್ಲಟ 1967ರ ‘ಕೋಲ್ಡ್ ಸ್ವೆಟ್’ ಹಾಡಿನಲ್ಲಿ ಪೂರ್ಣರೂಪಕ್ಕೆ ಬಂದಿತು. ಅಲ್ಲಿ ಸ್ವರಮೇಳಗಳ ಚಲನೆ ಬಹುಮಟ್ಟಿಗೆ ನಿಂತುಹೋಗಿದೆ; ಗಿಟಾರು, ಕಹಳೆ, ಕೊನೆಗೆ ಗಾಯಕನ ಉದ್ಗಾರವೂ ತಾಳವಾದ್ಯದ ಕೆಲಸವನ್ನೇ ಮಾಡುತ್ತವೆ. ಮೊದಲ ಎಣಿಕೆಯಲ್ಲಿ ಎಲ್ಲರೂ ಒಟ್ಟಿಗೆ ಇಳಿದು, ಉಳಿದ ಅವಧಿಯಲ್ಲಿ ತಮ್ಮ ತಮ್ಮ ದಾರಿ ಹಿಡಿದು, ಮತ್ತೆ ಅದೇ ಮನೆಗೆ ಬರುತ್ತಾರೆ. ಒಂದೊಂದು ಎಣಿಕೆಯೂ ನಾಲ್ಕು ನಾಲ್ಕು ಸೂಕ್ಷ್ಮ ಭಾಗಗಳಾಗಿ ಒಡೆದುಕೊಳ್ಳುತ್ತದೆ. ಶಾಸ್ತ್ರದ ಪರಿಭಾಷೆಯಲ್ಲಿ ಹೇಳುವುದಾದರೆ ಇದು ಚತುರಶ್ರ ಗತಿಯ ಸಂಗೀತ, ಸಮಗ್ರಹದ ಸಂಗೀತ.

ರೆಗೆಯಲ್ಲಿ ಸ್ಥಿತಿ ಇದಕ್ಕೆ ತದ್ವಿರುದ್ಧ. ಅದರ ಅತ್ಯಂತ ವಿಶಿಷ್ಟವಾದ ಡ್ರಮ್ ನಡೆಗೆ ‘ಒನ್ ಡ್ರಾಪ್’ ಎಂದು ಹೆಸರು. ಮೊದಲ ಎಣಿಕೆಯನ್ನು ಬಿಟ್ಟುಬಿಡುವುದೇ ಅದರ ಲಕ್ಷಣ. ಡ್ರಮ್ಮಿನ ದಪ್ಪ ಪೆಟ್ಟು ಬೀಳುವುದು ಮೂರನೆಯ ಎಣಿಕೆಗೆ. ಗಿಟಾರಿನ ಮೊಟಕು ಮೀಟು ಎಣಿಕೆಗಳ ಮೇಲೆ ಬೀಳದೆ ಅವುಗಳ ನಡುವಿನ ಸಂದಿಯಲ್ಲಿ ಬೀಳುತ್ತದೆ. ಆವರ್ತದ ಆರಂಭ ಎಲ್ಲಿದೆ ಎಂಬುದು ಕೇಳುಗನಿಗೆ ಗೊತ್ತು, ಆದರೆ ಅಲ್ಲಿ ಯಾರೂ ಇಲ್ಲ. ವೇಲರ್ಸ್ ತಂಡದ ಕಾರ್ಲ್ಟನ್ ಬ್ಯಾರೆಟ್ ಈ ನಡೆಯ ಅಸಾಧಾರಣ ವಾದಕ. ಅವನ ಅಣ್ಣ ಆಸ್ಟನ್ ಬ್ಯಾರೆಟ್ ಅದೇ ತಂಡದ ಬೇಸ್ ವಾದಕ. ತಮ್ಮ ಖಾಲಿ ಬಿಟ್ಟ ಜಾಗದ ಸುತ್ತ ಅಣ್ಣ ಹೆಣೆಯುತ್ತಿದ್ದ ಮಂದ್ರದ ಸಾಲುಗಳೇ ಬಾಬ್ ಮಾರ್ಲಿಯ ಹಾಡುಗಳಿಗೆ ನೆಲಗಟ್ಟು.

ಇಲ್ಲಿ ಹಿಂದೂಸ್ತಾನಿ ಸಂಗೀತದ ‘ಖಾಲಿ’ ನೆನಪಾಗುವುದು ಸಹಜ. ಆದರೆ ಹೋಲಿಕೆಯನ್ನು ಬಹಳ ದೂರ ಎಳೆಯುವಂತಿಲ್ಲ. ಠೇಕಾದಲ್ಲಿ ಖಾಲಿ ಬರುವುದು ಸಾಮಾನ್ಯವಾಗಿ ಆವರ್ತದ ನಡುವೆ. ರೂಪಕದಂತಹ ಅಪವಾದವನ್ನು ಬಿಟ್ಟರೆ ಸಮ್ ಎಂದಿಗೂ ತುಂಬಿದ ಸ್ಥಾನವೇ. ಕರ್ನಾಟಕ ಪದ್ಧತಿಯ ಅನಾಗತ ಗ್ರಹ ಇನ್ನೂ ಸಮೀಪದ ಹೋಲಿಕೆ. ಅಲ್ಲಿ ತಾಳ ಮೊದಲಾಗಿ, ಹಾಡು ಸ್ವಲ್ಪ ತಡೆದು ಎತ್ತಿಕೊಳ್ಳುತ್ತದೆ. ಆದರೆ ತಾಳ ಹಾಕುವ ಕೈ ಮೊದಲ ಘಾತವನ್ನು ಬಿಡುವುದಿಲ್ಲ. ರೆಗೆಯಲ್ಲಿ ತಾಳದ ಕೈಯೇ ತಡೆಯುತ್ತದೆ. ಕೇಳುಗನ ಮನಸ್ಸು ಆ ಘಾತವನ್ನು ತಾನೇ ಹಾಕಿಕೊಳ್ಳಬೇಕು. ಈ ಸಂಗೀತಕ್ಕೆ ಕುಣಿಯುವವರ ಮೈಯಲ್ಲಿ ಕಾಣುವ ಒಂದು ಬಗೆಯ ತೂಗಾಟಕ್ಕೆ ಇದೇ ಕಾರಣವಿರಬೇಕು.

ಹೀಗೆ ಒಂದು ತುಂಬುವ, ಇನ್ನೊಂದು ತೆರವು ಮಾಡುವ ಈ ಎರಡು ಸಂಗೀತಗಳು ಹುಟ್ಟಿನಿಂದ ಪರಕೀಯವಲ್ಲ ಎಂಬುದು ಗಮನಾರ್ಹ. 1950ರ ದಶಕದಲ್ಲಿ ಜಮೈಕಾದ ಜನ ನ್ಯೂ ಆರ್ಲಿಯನ್ಸ್, ಮಿಯಾಮಿ ಮೊದಲಾದ ಕಡೆಯ ರೇಡಿಯೋ ಕೇಂದ್ರಗಳ ಮೂಲಕ ಅಮೆರಿಕದ ರಿದಂ ಅಂಡ್ ಬ್ಲೂಸ್ ಹಾಡುಗಳನ್ನು ಆಲಿಸುತ್ತಿದ್ದರು. ಆ ಹಾಡುಗಳ ಕುಲುಕು ನಡೆಯಲ್ಲಿ ಒಂದೊಂದು ಎಣಿಕೆಯೂ ಮೂರಾಗಿ ಒಡೆಯುತ್ತಿತ್ತು, ಅಂದರೆ ತಿಶ್ರ ಗತಿ. ಸ್ಥಳೀಯ ವಾದಕರು ಅದರ ಎಡೆಪೆಟ್ಟಿಗೆ ಒತ್ತು ಕೊಟ್ಟಾಗ ‘ಸ್ಕಾ’ ಹುಟ್ಟಿತು. 1962ರ ಆಗಸ್ಟ್ 6ರಂದು ಸ್ವತಂತ್ರವಾದ ಆ ಪುಟ್ಟ ದ್ವೀಪ ಮೊದಲ ವರ್ಷಗಳಲ್ಲಿ ಕುಣಿದದ್ದು ಈ ಓಟದ ಲಯಕ್ಕೆ. 1966ರ ಸುಮಾರಿಗೆ ಓಟ ನಿಧಾನವಾಗಿ ‘ರಾಕ್‌ಸ್ಟೆಡಿ’ಯಾಯಿತು, 1968ರ ಹೊತ್ತಿಗೆ ರೆಗೆ. ಟೂಟ್ಸ್ ಅಂಡ್ ದಿ ಮೇಟಲ್ಸ್ ತಂಡ ಆ ವರ್ಷ ಹೊರತಂದ ಹಾಡೊಂದರಲ್ಲಿ ಈ ಹೆಸರು ಬಳಕೆಯಾಯಿತು. ಅದೇ ತಂಡ 1970ರ ದಶಕದ ಆರಂಭದಲ್ಲಿ ‘ಫಂಕಿ ಕಿಂಗ್‌ಸ್ಟನ್’ ಎಂಬ ಹಾಡನ್ನು ಮಾಡಿದ್ದು ಆಕಸ್ಮಿಕವಲ್ಲ. ಒಂದೇ ತಾಯಿಯ ಇಬ್ಬರು ಮಕ್ಕಳು ದೂರದೂರದಲ್ಲಿ ಬೆಳೆದು ಮತ್ತೆ ಎದುರಾದ ಪ್ರಸಂಗವದು. ಹೆಸರನ್ನೇ ನೆಚ್ಚುವುದೂ ಅಪಾಯಕಾರಿ: ಸ್ಟೀವಿ ವಂಡರ್ 1974ರಲ್ಲಿ ಹಾಡಿದ ‘ಬೂಗೀ ಆನ್ ರೆಗೆ ವುಮನ್’ ಹೆಸರಿನಲ್ಲಿ ಮಾತ್ರ ರೆಗೆ, ನಡೆಯಲ್ಲಿ ಅಪ್ಪಟ ಫಂಕ್. ಆತ ನಿಜವಾಗಿ ರೆಗೆಯನ್ನು ಕೈಗೆತ್ತಿಕೊಂಡದ್ದು 1980ರ ‘ಮಾಸ್ಟರ್ ಬ್ಲಾಸ್ಟರ್’ ಹಾಡಿನಲ್ಲಿ.

‘ಸ್ವತಂತ್ರ ಸಂಗೀತ’ ಎಂಬ ಮಾತನ್ನು ಇಲ್ಲಿ ತುಸು ವಿವರವಾಗಿ ನೋಡಬೇಕಾಗಿದೆ. ದೊಡ್ಡ ಕಂಪನಿಗಳ ಹಂಗಿಲ್ಲದೆ ಧ್ವನಿಮುದ್ರಿಸಿ ಮಾರುವ ಸಂಗೀತವೆಂಬುದು ಅದರ ರೂಢಾರ್ಥ. ಆ ಅರ್ಥದಲ್ಲಿ ಜಮೈಕಾದ ಸಂಗೀತ ಹುಟ್ಟಿನಿಂದಲೇ ಸ್ವತಂತ್ರ. ಬೀದಿಯಲ್ಲಿ ಆಳೆತ್ತರದ ಧ್ವನಿವರ್ಧಕಗಳನ್ನು ಪೇರಿಸಿ ಜನರನ್ನು ಕುಣಿಸುತ್ತಿದ್ದ ‘ಸೌಂಡ್ ಸಿಸ್ಟಮ್’ಗಳ ಒಡೆಯರೇ ಮುಂದೆ ನಿರ್ಮಾಪಕರಾದರು. ಕ್ಲೆಮೆಂಟ್ ಡಾಡ್ 1963ರಲ್ಲಿ ಕಿಂಗ್‌ಸ್ಟನ್ ನಗರದ ಬ್ರೆಂಟ್‌ಫರ್ಡ್ ರಸ್ತೆಯಲ್ಲಿ ತೆರೆದ ಸ್ಟುಡಿಯೋ ಒನ್ ಇವುಗಳಲ್ಲಿ ಪ್ರಸಿದ್ಧವಾದುದು. ರೇಡಿಯೋ ದುರಸ್ತಿ ಬಲ್ಲ ಕಿಂಗ್ ಟಬ್ಬಿಯಂತಹ ಕುಶಲಕರ್ಮಿ ಮುದ್ರಿತ ಹಾಡಿನಿಂದ ಗಾಯಕನ ದನಿಯನ್ನು ತೆಗೆದು, ಡ್ರಮ್ ಮತ್ತು ಬೇಸುಗಳನ್ನಷ್ಟೇ ಉಳಿಸಿ, ಪ್ರತಿಧ್ವನಿಗಳನ್ನು ಕೂಡಿಸಿ ‘ಡಬ್’ ಎಂಬ ಹೊಸ ಪ್ರಕಾರವನ್ನೇ ನಿರ್ಮಿಸಿದ. ಬಿಟ್ಟ ಜಾಗವೇ ರಚನೆಯಾಗಬಲ್ಲದೆಂಬ ರೆಗೆಯ ತತ್ತ್ವ ಇಲ್ಲಿ ಯಂತ್ರದ ಮೂಲಕ ತುದಿ ಮುಟ್ಟಿದೆ.

ಆದರೆ ಈ ಸ್ವಾತಂತ್ರ್ಯ ಯಾರದು? ಒಡೆಯನದು ಹೌದು, ವಾದಕನದು ಅಲ್ಲ. ಕಿಂಗ್‌ಸ್ಟನ್ನಿನ ಸ್ಟುಡಿಯೋಗಳಲ್ಲಿ ವಾದಕರಿಗೆ ಸಿಗುತ್ತಿದ್ದುದು ಹಾಡಿಗಿಷ್ಟು ಅಥವಾ ವಾರಕ್ಕಿಷ್ಟು ಎಂಬ ಕೂಲಿ. ಅವರು ನುಡಿಸಿದ ಲಯದ ಚೌಕಟ್ಟು, ಅಲ್ಲಿನವರ ಮಾತಿನಲ್ಲಿ ‘ರಿಡಿಮ್’, ಮತ್ತೆ ಮತ್ತೆ ಬಳಕೆಯಾಗುತ್ತಿತ್ತು. ಸೌಂಡ್ ಡೈಮೆನ್ಷನ್ ತಂಡ 1960ರ ದಶಕದ ಕೊನೆಯಲ್ಲಿ ಸ್ಟುಡಿಯೋ ಒನ್‌ನಲ್ಲಿ ನುಡಿಸಿದ ‘ರಿಯಲ್ ರಾಕ್’ ಎಂಬ ಒಂದೇ ಚೌಕಟ್ಟಿನ ಮೇಲೆ ನೂರಾರು ಹಾಡುಗಳು ನಿಂತಿವೆ. ಜಮೈಕಾ ತನ್ನದೇ ಕೃತಿಸ್ವಾಮ್ಯ ಕಾನೂನನ್ನು ಜಾರಿಗೆ ತಂದದ್ದು 1993ರಲ್ಲಿ. ಅಲ್ಲಿಯವರೆಗೆ ವಸಾಹತು ಕಾಲದ 1911ರ ಬ್ರಿಟಿಷ್ ಕಾನೂನೇ ಗತಿ. ಕಾನೂನು ಬಲವಾಗಿದ್ದ ಅಮೆರಿಕದಲ್ಲಿಯೂ ತಾಳವಾದಕನ ಪಾಡು ಇದಕ್ಕಿಂತ ಮೇಲಾಗಿರಲಿಲ್ಲ. ಜೇಮ್ಸ್ ಬ್ರೌನ್ ತಂಡದ ಡ್ರಮ್ ವಾದಕ ಕ್ಲೈಡ್ ಸ್ಟಬಲ್‌ಫೀಲ್ಡ್ 1969ರ ನವೆಂಬರಿನಲ್ಲಿ ‘ಫಂಕಿ ಡ್ರಮರ್’ ಹಾಡಿಗಾಗಿ ನುಡಿಸಿದ ಕೆಲವೇ ಕ್ಷಣಗಳ ಒಂಟಿ ವಾದನವನ್ನು 1980ರ ದಶಕದಿಂದೀಚೆಗೆ ಅಸಂಖ್ಯಾತ ಹಿಪ್ ಹಾಪ್ ಹಾಡುಗಳು ಕತ್ತರಿಸಿ ಅಂಟಿಸಿಕೊಂಡವು. ರಚನಕಾರನೆಂದು ಅವನ ಹೆಸರು ನಮೂದಾಗಿರಲಿಲ್ಲವಾದ್ದರಿಂದ ಗೌರವಧನಕ್ಕೆ ಅವನಿಗೆ ಹಕ್ಕಿರಲಿಲ್ಲ. 2017ರಲ್ಲಿ ಆತ ತೀರಿಕೊಂಡ. ಮಾರ್ಲಿಯ ಹಾಡುಗಳಿಂದ ತನಗೆ ಸಲ್ಲಬೇಕಾದ ಹಣ ಬಂದಿಲ್ಲವೆಂದು ಆಸ್ಟನ್ ಬ್ಯಾರೆಟ್ ಲಂಡನ್ನಿನ ಉಚ್ಚ ನ್ಯಾಯಾಲಯದಲ್ಲಿ ಹೂಡಿದ ದಾವೆ 2006ರಲ್ಲಿ ವಜಾ ಆಯಿತು. ಪದಕ್ಕೆ, ಧಾಟಿಗೆ ಒಡೆತನವನ್ನು ಮಾನ್ಯಮಾಡುವ ಕಾನೂನು ಲಯಕ್ಕೆ ಅದನ್ನು ಸುಲಭವಾಗಿ ಮಾನ್ಯ ಮಾಡುವುದಿಲ್ಲ. ಫಂಕ್ ಮತ್ತು ರೆಗೆಗಳ ಸತ್ವವಿರುವುದೋ ಲಯದಲ್ಲಿಯೇ.

ಈ ಹಿನ್ನೆಲೆಯಲ್ಲಿ ಇಂಗ್ಲೆಂಡಿನ ಕಾವೆಂಟ್ರಿ ಎಂಬ ಕೈಗಾರಿಕಾ ಪಟ್ಟಣದಲ್ಲಿ 1979ರಲ್ಲಿ ಆರಂಭವಾದ ‘ಟೂ ಟೋನ್’ ಸಂಸ್ಥೆ ಕುತೂಹಲಕಾರಿ. ಇದನ್ನು ಕಟ್ಟಿದ ಜೆರ್ರಿ ಡ್ಯಾಮರ್ಸ್ ಹುಟ್ಟಿದ್ದು 1955ರಲ್ಲಿ ಉದಕಮಂಡಲದಲ್ಲಿ, ಪಾದ್ರಿಯೊಬ್ಬರ ಮಗನಾಗಿ. (ಮೈಸೂರಿನಿಂದ ಘಟ್ಟ ಹತ್ತಿದರೆ ಸಿಗುವ ಊರು, ಇದರಿಂದ ಅವನ ಸಂಗೀತಕ್ಕೆ ಯಾವ ಅರ್ಥವನ್ನೂ ಹೊರಡಿಸಬೇಕಾಗಿಲ್ಲ.) ಅವನ ‘ದಿ ಸ್ಪೆಷಲ್ಸ್’ ತಂಡದಲ್ಲಿ ಬಿಳಿಯರೂ ಕರಿಯರೂ ಇದ್ದರು. ಸಂಸ್ಥೆಯ ಕಪ್ಪು ಬಿಳುಪಿನ ಚೌಕುಳಿ ಲಾಂಛನ ಆ ಸಂಗತಿಯನ್ನೇ ಸಾರುತ್ತಿತ್ತು. ಪಂಕ್ ಸಂಗೀತದ ಕೆರಳಿದ ವೇಗವನ್ನು ಹದಿನೈದು ವರ್ಷ ಹಳೆಯದಾಗಿದ್ದ ಸ್ಕಾ ಲಯಕ್ಕೆ ಜೋಡಿಸಿದ್ದು ಅವರ ಸಾಧನೆ. ಮೊದಲ ಮುದ್ರಿಕೆ ‘ಗ್ಯಾಂಗ್‌ಸ್ಟರ್ಸ್’ ಪ್ರಿನ್ಸ್ ಬಸ್ಟರನ ‘ಅಲ್ ಕಪೋನ್’ ಎಂಬ ಹಳೆಯ ಮುದ್ರಿಕೆಯನ್ನು ಆಧರಿಸಿತ್ತು. ಜಮೈಕಾದ ಹಿರಿಯ ಟ್ರಾಂಬೋನ್ ವಾದಕ ರಿಕೊ ರೊಡ್ರಿಗಸ್, ‘ಎ ಮೆಸೇಜ್ ಟು ಯು, ರೂಡಿ’ ಹಾಡಿನ 1967ರ ಮೂಲರೂಪದಲ್ಲಿಯೂ 1979ರಲ್ಲಿ ಸ್ಪೆಷಲ್ಸ್ ಹಾಡಿದ ರೂಪದಲ್ಲಿಯೂ ನುಡಿಸಿದ್ದಾನೆ. ಹಳೆಯದನ್ನು ಎತ್ತಿಕೊಳ್ಳುವಾಗ ಹಳಬನನ್ನೂ ಕರೆತಂದು ಪಕ್ಕದಲ್ಲಿ ನಿಲ್ಲಿಸಿಕೊಂಡ ಇಂತಹ ಉದಾಹರಣೆ ಈ ಚರಿತ್ರೆಯಲ್ಲಿ ಅಪರೂಪ. 1981ರ ಬೇಸಗೆಯಲ್ಲಿ ಇಂಗ್ಲೆಂಡಿನ ನಗರಗಳಲ್ಲಿ ಗಲಭೆಗಳು ಹಬ್ಬಿದ್ದಾಗ ಅವರ ‘ಘೋಸ್ಟ್ ಟೌನ್’ ಮಾರಾಟದಲ್ಲಿ ಅಗ್ರಸ್ಥಾನದಲ್ಲಿತ್ತು. ನಿರುದ್ಯೋಗದಿಂದ ಪಾಳು ಬಿದ್ದ ಊರೊಂದರ ಚಿತ್ರಕ್ಕೆ ರೆಗೆಯ ಖಾಲಿ ಜಾಗಗಳು ಇಷ್ಟು ಸಮರ್ಪಕವಾಗಿ ಒದಗಿಬಂದುದು ಬೇರೆಲ್ಲಿಯೂ ಇರಲಾರದು. ಅದೇ ವರ್ಷ ತಂಡ ಒಡೆಯಿತು. ಟೂ ಟೋನ್ ಕೂಡ ಹಂಚಿಕೆಗಾಗಿ ಕ್ರಿಸಾಲಿಸ್ ಎಂಬ ದೊಡ್ಡ ಕಂಪನಿಯನ್ನು ಅವಲಂಬಿಸಿತ್ತು ಎಂಬುದನ್ನು ಮರೆಯುವಂತಿಲ್ಲ. ಸ್ವಾತಂತ್ರ್ಯಕ್ಕೂ ಲಾರಿ, ಗೋದಾಮು ಬೇಕಾಗುತ್ತವೆ.

ಭಾರತೀಯರಿಗೆ ಈ ಸಂಗೀತದೊಡನೆ ಇರುವ ನಂಟು ಹಲವು ಬಗೆಯದು. 1845ರಿಂದ ಕೂಲಿಗಳಾಗಿ ಜಮೈಕಾಕ್ಕೆ ಹೋದ ಭಾರತೀಯರೊಡನೆ ‘ಗಾಂಜಾ’ ಎಂಬ ಪದವೂ ಅಲ್ಲಿಗೆ ತಲುಪಿ, ರಾಸ್ತಫಾರಿ ಪಂಥದ ಮೂಲಕ ರೆಗೆಯ ಶಬ್ದಕೋಶಕ್ಕೆ ಸೇರಿತು. ಬರ್ಮಿಂಗ್‌ಹ್ಯಾಮಿನ ಪಂಜಾಬಿ ಮನೆತನದ ಅಪಾಚೆ ಇಂಡಿಯನ್ 1990ರಿಂದ ರೆಗೆ ಮತ್ತು ಭಾಂಗ್ರಾಗಳನ್ನು ಬೆಸೆದ. ದೆಹಲಿಯಲ್ಲಿ 2009ರಲ್ಲಿ ರೂಪುಗೊಂಡ ‘ದಿ ಸ್ಕಾ ವೆಂಜರ್ಸ್’ ತಂಡ ಸ್ಕಾ ಲಯವನ್ನು ರಾಜಧಾನಿಯ ವೇದಿಕೆಗಳಿಗೆ ತಂದಿತು.

ಕನ್ನಡದ ಮಟ್ಟಿಗೆ ಗಮನಿಸಬೇಕಾದುದು 2008ರಲ್ಲಿ ಹೊರಬಂದ ರಘು ದೀಕ್ಷಿತರ ಧ್ವನಿಮುದ್ರಿಕೆ. ಅದು ಫಂಕ್ ಅಥವಾ ರೆಗೆಯ ಕೃತಿಯೆಂದು ಹೇಳುವುದು ತಪ್ಪಾದೀತು. ಆದರೆ ಡ್ರಮ್ಮು ಮತ್ತು ಬೇಸ್ ಗಿಟಾರುಗಳ ನೆಲೆಯ ಮೇಲೆ ಶಿಶುನಾಳ ಷರೀಫರ (1819–1889) ತತ್ತ್ವಪದಗಳನ್ನು ಇಟ್ಟು ನೋಡಿದ ಪ್ರಯೋಗವದು. 1990ರ ‘ಸಂತ ಶಿಶುನಾಳ ಷರೀಫ’ ಚಲನಚಿತ್ರದಲ್ಲಿಯೂ ತಮ್ಮ ವೇದಿಕೆಗಳಲ್ಲಿಯೂ ಸಿ. ಅಶ್ವಥ್ ಇದೇ ಪದಗಳಿಗೆ ಸುಗಮ ಸಂಗೀತದ ಪ್ರಬಲ ರೂಪವನ್ನು ಕೊಟ್ಟಿದ್ದರು. ದೀಕ್ಷಿತರು ಆರಿಸಿಕೊಂಡ ಎರಡು ಪದಗಳ ಛಂದೋಗತಿಗಳು ಭಿನ್ನವಾಗಿರುವುದು ಈ ಲೇಖನದ ಪ್ರಶ್ನೆಗೆ ನೇರವಾಗಿ ಸಂಬಂಧಿಸಿದೆ. ‘ಗುಡುಗುಡಿಯ ಸೇದಿ ನೋಡೋ’ ಎಂಬ ಮೊದಲ ಪದದ ಹೆಸರನ್ನೇ ಪ್ರಸ್ತಾರ ಹಾಕಿದರೆ ನಾಲ್ಕು ನಾಲ್ಕು ಮಾತ್ರೆಗಳ ಮೂರು ಗಣಗಳು ದೊರೆಯುತ್ತವೆ: ‘ಗುಡುಗುಡಿ’, ‘ಯ ಸೇದಿ’, ‘ನೋಡೋ’. ‘ಸೋರುತಿಹುದು ಮನೆಯ ಮಾಳಿಗಿ’ ಎಂಬ ಎರಡನೆಯದು ಮೂರು ಮೂರು ಮಾತ್ರೆಗಳಲ್ಲಿ ನಡೆಯುತ್ತದೆ: ‘ಸೋರು’, ‘ತಿಹುದು’, ‘ಮನೆಯ’, ‘ಮಾಳಿ’, ಕೊನೆಯಲ್ಲಿ ಉಳಿಯುವ ‘ಗಿ’ ಎಳೆದು ಹಾಡಿದಾಗ ತನ್ನ ಗಣವನ್ನು ತಾನೇ ತುಂಬಿಕೊಳ್ಳುತ್ತದೆ. ಒಂದು ಚತುರಶ್ರ, ಇನ್ನೊಂದು ತಿಶ್ರ. ಮೊದಲನೆಯದರ ಮಾತ್ರೆಗಳು ಫಂಕಿನ ನಾಲ್ಕು ಒಡಕುಗಳಲ್ಲಿ ಒಂದಕ್ಕೊಂದು ಹೊಂದಿ ಕೂರುತ್ತವೆ. ಎರಡನೆಯದು ಅಲ್ಲಿ ಕೂರಲಾರದು, ಅಕ್ಷರಗಳನ್ನು ಹಿಗ್ಗಿಸಿಯೋ ನುಂಗಿಯೋ ಹಾಡಬೇಕಾಗುತ್ತದೆ. ಅದಕ್ಕೆ ಸಹಜವಾದ ನೆರೆ ಸ್ಕಾದ ಮೂರೊಡಕಿನ ಕುಲುಕು ನಡೆ.

ಹಾಡುವ ಧಾಟಿ ಛಂದಸ್ಸಿನ ಲೆಕ್ಕವನ್ನು ಮೀರಬಲ್ಲದು. ತತ್ತ್ವಪದದ ಭಜನಾ ಗಾಯಕರು ಏಕತಾರಿ ಹಿಡಿದು ನಿತ್ಯವೂ ಅದನ್ನು ಮೀರುತ್ತಾರೆ. ಆದರೂ ಕನ್ನಡ ಪದವನ್ನು ಹೊರಗಿನ ಲಯಕ್ಕೆ ಇಳಿಸುವ ತಂಡಗಳು ಈ ಲೆಕ್ಕವನ್ನು ಒಮ್ಮೆ ಹಾಕಿ ನೋಡುವುದರಿಂದ ನಷ್ಟವಿಲ್ಲ. ಇನ್ನು ಒನ್ ಡ್ರಾಪ್ ನಡೆಗೆ ಷರೀಫರ ಪದವನ್ನು ಹೊಂದಿಸುವವರಿಗೆ ಎದುರಾಗುವ ಪ್ರಶ್ನೆ ಬೇರೆ. ‘ಸೋ’ ಎಂಬ ಗುರುವಿನಿಂದ ಎತ್ತಿಕೊಳ್ಳುವ ಆ ಸಾಲು ತನ್ನ ಭಾರವನ್ನೆಲ್ಲ ಮೊದಲ ಅಕ್ಷರದಲ್ಲಿಯೇ ಇಟ್ಟಿದೆ. ರೆಗೆಯಲ್ಲಿ ಆ ಸ್ಥಾನದಲ್ಲಿ ಡ್ರಮ್ಮು ಮೌನವಾಗಿರುತ್ತದೆ. ಆಗ ಆ ಗುರುವನ್ನು ಹೊರುವವನು ಗಾಯಕನೊಬ್ಬನೇ. ವಾದ್ಯಗಳು ಬಂದು ಸೇರುವ ಹೊತ್ತಿಗೆ ಮಾಳಿಗೆ ಸೋರಲಾರಂಭಿಸಿರುತ್ತದೆ.