ವಿಮಾನ ಅಂಚೆಯ ಮರೆತ ದಾರಿಗುರುತುಗಳು

ದಾರಿ ತೋರುವ ವಸ್ತುವಿಗೆ ಒಂದು ವಿಚಿತ್ರ ವಿಧಿಯುಂಟು. ದಾರಿ ನಡೆಯುವಷ್ಟು ಕಾಲ ಅದನ್ನು ನೋಡದೆ ಯಾರೂ ಮುಂದೆ ಹೋಗರು. ದಾರಿ ಬದಲಾದೊಡನೆ ಅದು ನಿಂತಲ್ಲಿಯೇ ಅದೃಶ್ಯವಾಗುತ್ತದೆ. ಹಳೆಯ ರಸ್ತೆಗಳ ಮೈಲಿಗಲ್ಲುಗಳು ಬೇಲಿಯೊಳಗೆ ಸೇರಿಹೋದುದನ್ನು ನಾವೆಲ್ಲರೂ ಕಂಡವರೇ. ಆಕಾಶಮಾರ್ಗಕ್ಕೂ ನೆಲದ ಮೇಲೆ ಇಂತಹ ಮೈಲಿಗಲ್ಲುಗಳಿದ್ದುವೆಂದರೆ ಅನೇಕರಿಗೆ ಅಚ್ಚರಿಯಾದೀತು. ಅವುಗಳ ಚರಿತ್ರೆಯನ್ನೂ, ಅವುಗಳನ್ನು ಚಿತ್ರದಲ್ಲಿ ಹಿಡಿದಿಡುವ ಕ್ರಮವನ್ನೂ ಸಂಗ್ರಹವಾಗಿ ವಿವರಿಸುವುದು ಈ ಲೇಖನದ ಉದ್ದೇಶ.

ವಿಮಾನದಲ್ಲಿ ಅಧಿಕೃತವಾಗಿ ಅಂಚೆ ಸಾಗಿದುದು ಮೊದಲು ನಮ್ಮ ದೇಶದಲ್ಲಿಯೇ. ೧೯೧೧ರ ಫೆಬ್ರವರಿ ೧೮ರಂದು ಹೆನ್ರಿ ಪೆಕೆ ಎಂಬ ಫ್ರೆಂಚ್ ವೈಮಾನಿಕರು ಅಲಹಾಬಾದಿನಿಂದ ಯಮುನೆಯಾಚೆಯ ನೈನಿಗೆ ಸುಮಾರು ೬,೫೦೦ ಪತ್ರಗಳನ್ನು ಒಯ್ದರು. ಅಮೆರಿಕೆಯಲ್ಲಿ ಕ್ರಮಬದ್ಧವಾದ ವಿಮಾನ ಅಂಚೆ ೧೯೧೮ರ ಮೇ ೧೫ರಂದು ಆರಂಭವಾಯಿತು. ಅಧ್ಯಕ್ಷ ವುಡ್ರೋ ವಿಲ್ಸನ್ನರ ಸಮಕ್ಷಮದಲ್ಲಿ ವಾಷಿಂಗ್ಟನ್ನಿನಿಂದ ಹೊರಟ ಮೊದಲ ವೈಮಾನಿಕರೇ ದಿಕ್ಕು ತಪ್ಪಿ ಮೇರಿಲ್ಯಾಂಡಿನ ಹೊಲವೊಂದರಲ್ಲಿ ಇಳಿಯಬೇಕಾಯಿತು. ರೈಲುಕಂಬಿ, ನದಿ, ಊರುಗಳನ್ನು ಕಣ್ಣಿನಿಂದ ಗುರುತಿಸುವುದೇ ಅಂದಿನ ಮಾರ್ಗಶಾಸ್ತ್ರ. ಕತ್ತಲಾದರೆ ಆ ಶಾಸ್ತ್ರವೂ ಇಲ್ಲ.

ನ್ಯೂಯಾರ್ಕಿನಿಂದ ಸ್ಯಾನ್ ಫ್ರಾನ್ಸಿಸ್ಕೋವರೆಗಿನ ಅಂಚೆಮಾರ್ಗ ೧೯೨೦ರ ಸೆಪ್ಟೆಂಬರಿನಲ್ಲಿ ಪೂರ್ಣಗೊಂಡಿತಾದರೂ, ಹಗಲು ವಿಮಾನದಲ್ಲಿ ಬಂದ ಅಂಚೆಯನ್ನು ರಾತ್ರಿ ರೈಲಿಗೆ ಒಪ್ಪಿಸಬೇಕಾಗಿತ್ತು. ೧೯೨೧ರ ಫೆಬ್ರವರಿ ೨೨ರ ರಾತ್ರಿ ಇದಕ್ಕೊಂದು ಪರೀಕ್ಷೆ ನಡೆಯಿತು. ಜ್ಯಾಕ್ ನೈಟ್ ಎಂಬ ವೈಮಾನಿಕರು ನೆಬ್ರಾಸ್ಕದ ನಾರ್ತ್ ಪ್ಲಾಟಿನಿಂದ ಹಾರಿದಾಗ ಕೆಳಗೆ ಜನರು ಬೆಂಕಿಯ ರಾಶಿಗಳನ್ನು ಹೊತ್ತಿಸಿ ಅವರಿಗೆ ದಾರಿ ತೋರಿದರು. ಒಮಾಹಾದಲ್ಲಿ ಮುಂದಿನ ವೈಮಾನಿಕರು ದೊರೆಯದೆ, ಅವರೇ ತಾವು ಹಿಂದೆಂದೂ ಹಾರಿರದ ಮಾರ್ಗದಲ್ಲಿ ಷಿಕಾಗೋ ತಲುಪಿದರು. ಅದೇ ಪ್ರಯೋಗದಲ್ಲಿ ಮತ್ತೊಬ್ಬ ವೈಮಾನಿಕರು ನೆವಾಡದಲ್ಲಿ ಪ್ರಾಣವನ್ನೇ ತೆತ್ತರು. ಒಂದು ಪತ್ರ ಬೇಗ ಮುಟ್ಟುವುದರ ಬೆಲೆ ಇಷ್ಟಿತ್ತೆಂಬುದನ್ನು ನಾವು ಮರೆಯಲಾಗದು.

ಆ ರಾತ್ರಿಯ ಬೆಂಕಿಯೇ ಮುಂದೆ ಸ್ಥಿರದೀಪವಾಯಿತು. ೧೯೨೩ರಲ್ಲಿ ಷಿಕಾಗೋ ಮತ್ತು ಷಾಯೆನ್ ನಡುವೆ ದೀಪಗೋಪುರಗಳನ್ನು ನಿಲ್ಲಿಸಲಾಯಿತು; ೧೯೨೪ರ ಜುಲೈ ೧ರಿಂದ ರಾತ್ರಿಯ ಸಂಚಾರ ನಿಯತವಾಯಿತು. ೧೯೨೬ರ ಕಾಯಿದೆಯ ಬಳಿಕ ವಾಣಿಜ್ಯ ಇಲಾಖೆಯು ಈ ಕಾರ್ಯವನ್ನು ವಿಸ್ತರಿಸಿತು. ಸುಮಾರು ಹತ್ತು ಮೈಲಿಗೊಂದರಂತೆ ೫೧ ಅಡಿ ಎತ್ತರದ ಉಕ್ಕಿನ ಗೋಪುರ. ಅದರ ತುದಿಯಲ್ಲಿ ತಿರುಗುವ ದೀಪ. ಅದರ ಜೊತೆಯಲ್ಲಿ ಮಾರ್ಸ್ ಸಂಕೇತದಿಂದ ತನ್ನ ಸಂಖ್ಯೆಯನ್ನು ಸಾರುವ ಬಣ್ಣದ ದೀಪಗಳು. ಬುಡದಲ್ಲಿ ಐವತ್ತರಿಂದ ಎಪ್ಪತ್ತು ಅಡಿ ಉದ್ದದ ಕಾಂಕ್ರೀಟಿನ ಬಾಣ. ಹಗಲಿನಲ್ಲಿ ಮೇಲಿನಿಂದ ಕಾಣಲೆಂದು ಅದಕ್ಕೆ ಹೊಳೆಯುವ ಹಳದಿ ಬಣ್ಣ ಬಳಿಯುತ್ತಿದ್ದರು. ದೀಪವು ಇರುಳಿಗೆ, ಬಾಣವು ಹಗಲಿಗೆ ಎಂಬುದು ಇದರ ತತ್ತ್ವ.

ರೇಡಿಯೋ ಸಂಕೇತಗಳು ಬಳಕೆಗೆ ಬಂದ ಮೇಲೆ ಇವುಗಳ ಪ್ರಯೋಜನ ಕುಗ್ಗಿತು. ಅನೇಕ ಗೋಪುರಗಳನ್ನು ಎರಡನೆಯ ಮಹಾಯುದ್ಧದ ಕಾಲದಲ್ಲಿ ಉಕ್ಕಿಗಾಗಿ ಕಳಚಿದರು. ಕಾಂಕ್ರೀಟನ್ನು ಮಾತ್ರ ಯಾರೂ ಬಯಸಲಿಲ್ಲ. ಆದುದರಿಂದಲೇ ಅದು ಉಳಿಯಿತು. ಯೂಟಾ, ನೆವಾಡ, ನ್ಯೂ ಮೆಕ್ಸಿಕೋ ಮೊದಲಾದ ಪ್ರಾಂತಗಳ ಬಯಲುಗಳಲ್ಲಿ ಬಣ್ಣ ಅಳಿದ, ಬಿರುಕಿನಲ್ಲಿ ಹುಲ್ಲು ಮೊಳೆತ ಬಾಣಗಳು ಇಂದಿಗೂ ಇವೆ. ನ್ಯೂ ಮೆಕ್ಸಿಕೋದ ಗ್ರಾಂಟ್ಸ್ ಎಂಬಲ್ಲಿನ ವಸ್ತುಸಂಗ್ರಹಾಲಯವೊಂದು ಗೋಪುರವನ್ನೂ ಬಾಣವನ್ನೂ ರಕ್ಷಿಸಿಟ್ಟಿದೆ. ಉಳಿದವನ್ನು ಆಸಕ್ತರು ಉಪಗ್ರಹ ಚಿತ್ರಗಳಲ್ಲಿ ಹುಡುಕಿ, ಸ್ಥಳಕ್ಕೆ ಹೋಗಿ ಛಾಯಾಚಿತ್ರ ತೆಗೆಯುತ್ತಿದ್ದಾರೆ.

ಈ ಕಾರ್ಯದಲ್ಲಿ ನಾಲ್ಕು ಅಂಶಗಳು ಮುಖ್ಯ. ಮೊದಲನೆಯದು ಬೆಳಕು: ನಡುಹಗಲಿನ ಬಿಸಿಲಿನಲ್ಲಿ ಕಾಂಕ್ರೀಟೂ ನೆಲವೂ ಒಂದೇ ಬಣ್ಣವಾಗಿ ಬೆರೆಯುತ್ತವೆ, ಬೆಳಗಿನ ಅಥವಾ ಸಂಜೆಯ ಓರೆಬಿಸಿಲಿನಲ್ಲಿ ಅಂಚುಗಳು ನೆರಳಿನಿಂದ ಎದ್ದು ತೋರುತ್ತವೆ. ಶಾಸನದ ಸವೆದ ಅಕ್ಷರವನ್ನು ಓದುವ ಉಪಾಯವೂ ಇದೇ. ಎರಡನೆಯದು ನೋಟ: ಪಕ್ಕದಲ್ಲಿ ನಿಂತವನಿಗೆ ಬಾಣವು ಬರಿಯ ಚಪ್ಪಡಿ, ಹತ್ತಿರದ ದಿಬ್ಬವನ್ನೇರಿದಾಗಲೇ ಅದರ ಆಕಾರ ತಿಳಿಯುವುದು. ಮೂರನೆಯದು ಪ್ರಮಾಣ: ಒಬ್ಬ ಮನುಷ್ಯನೋ ಅಳತೆಗೋಲೋ ಚಿತ್ರದಲ್ಲಿರಬೇಕು. ನಾಲ್ಕನೆಯದು, ಎಲ್ಲಕ್ಕಿಂತ ಹಿರಿದು, ಬರಹ: ಸ್ಥಳ, ದಿನಾಂಕ, ಬಾಣವು ತೋರುವ ದಿಕ್ಕು, ಗೋಪುರದ ನಾಲ್ಕು ಕಾಲುಗಳ ಗುರುತು ಇವೆಯೇ ಇಲ್ಲವೇ ಎಂಬ ವಿವರ. ಭೂಮಿಯ ಒಡೆಯರ ಅನುಮತಿಯಿಲ್ಲದೆ ಕಾಲಿಡಬಾರದು. ಚಿತ್ರ ಚೆನ್ನಾಗಿ ಬರಲೆಂದು ಬಣ್ಣ ಬಳಿಯಲೂಬಾರದು. ಬಣ್ಣ ಮಾಸಿದುದೂ ಒಂದು ಸಾಕ್ಷ್ಯವೇ.

ಬರಹವಿಲ್ಲದ ಚಿತ್ರದ ಗತಿಯನ್ನು ನಾನು ಸ್ವಾನುಭವದಿಂದ ಬಲ್ಲೆ. ವಿದ್ಯಾರ್ಥಿದಶೆಯಲ್ಲಿ ಸ್ನೇಹಿತರೊಡನೆ ಹೋಗಿ ಕೆರೆಯ ಏರಿಯ ಮೇಲಿನ ಒಂದು ವೀರಗಲ್ಲಿನ ಚಿತ್ರ ತೆಗೆಸಿದ್ದೆ. ಊರಿನ ಹೆಸರು ನೆನಪಿನಲ್ಲಿರುವುದೆಂಬ ಭರವಸೆಯಿಂದ ಬರೆದಿಡಲಿಲ್ಲ. ಚಿತ್ರ ಇಂದಿಗೂ ನನ್ನ ಪೆಟ್ಟಿಗೆಯಲ್ಲಿದೆ. ವೀರನ ಕೈಯ ಬಿಲ್ಲೂ ಸ್ಪಷ್ಟವಾಗಿದೆ. ಊರು ಮಾತ್ರ ಮರೆತುಹೋಗಿದೆ. ಅಂದು ನನ್ನೊಡನೆ ಬಂದಿದ್ದವರಲ್ಲಿ ಕೇಳೋಣವೆಂದರೆ ಈಗ ಯಾರೂ ಉಳಿದಿಲ್ಲ. ಬಿ.ಎಲ್. ರೈಸ್ ಅವರು ೧೮೮೬ರಿಂದ ಪ್ರಕಟಿಸಿದ 'ಎಪಿಗ್ರಾಫಿಯ ಕರ್ನಾಟಿಕ' ಸಂಪುಟಗಳು ಇಂದಿಗೂ ಉಪಯುಕ್ತವಾಗಿರುವುದು ಶಾಸನದ ಪಾಠದೊಡನೆ ತಾಲೂಕು, ಊರು, ಕಲ್ಲು ನಿಂತ ನೆಲೆ ಇವೆಲ್ಲವನ್ನೂ ನಮೂದಿಸಿದ್ದರಿಂದಲೇ.

ಈ ವಿಷಯ ನಮ್ಮ ನಾಡಿಗೆ ತೀರ ದೂರದ್ದೇನಲ್ಲ. ೧೯೩೨ರ ಅಕ್ಟೋಬರ್ ೧೫ರಂದು ಜೆ.ಆರ್.ಡಿ. ಟಾಟಾ ಅವರು ಕರಾಚಿಯಿಂದ ಅಹಮದಾಬಾದ್ ಮಾರ್ಗವಾಗಿ ಮುಂಬಯಿಗೆ ತಂದ ಅಂಚೆಯನ್ನು ಅವರ ಸಹೋದ್ಯೋಗಿ ನೆವಿಲ್ ವಿನ್ಸೆಂಟ್ ಅವರು ಮದರಾಸಿಗೆ ಒಯ್ದುದು ನಮ್ಮ ಬಳ್ಳಾರಿಯ ಮೇಲಿನಿಂದಲೇ. ಬಳ್ಳಾರಿಯಲ್ಲಿ ಇಳಿದ ಆ ಪುಟ್ಟ ವಿಮಾನವನ್ನು ಕುರಿತು ಹಿರಿಯರು ಹೇಳಿದ ಮಾತು ಯಾವ ಮನೆಯಲ್ಲಾದರೂ ಉಳಿದಿದ್ದರೆ, ಅದು ಬರಹಕ್ಕೆ ಬರಬೇಕಾದ ಕಾಲವಿದು.

ಕೈಯಲ್ಲಿ ಚಿತ್ರಯಂತ್ರವಿಲ್ಲದ ಮನೆ ಇಂದು ವಿರಳ. ದಾಖಲೆ ಪುಸ್ತಕವಿರುವ ಮನೆ ಇನ್ನೂ ವಿರಳ. ಶಿಕ್ಷಕ ಬಂಧುಗಳು ಪ್ರತಿ ತರಗತಿಗೆ ಅಂತಹದೊಂದು ಪುಸ್ತಕವನ್ನಿರಿಸಿ, ಊರಿನ ಹಳೆಯ ಮೈಲಿಗಲ್ಲು, ಅಂಚೆಪೆಟ್ಟಿಗೆ, ಸಾಲುಮರಗಳ ಚಿತ್ರಕ್ಕೆ ಸ್ಥಳ, ದಿನ, ದಿಕ್ಕುಗಳನ್ನು ಬರೆಯಿಸಲಿ. ಹಳೆಯ ವಿದ್ಯಾರ್ಥಿಗಳೂ ದಾನಿಗಳೂ ಇದಕ್ಕೆ ನೆರವಾಗಲಿ. ಒಂದು ಕಾಲದಲ್ಲಿ ಪರರಿಗೆ ದಾರಿ ತೋರಿದ ಗುರುತುಗಳಿಗೆ, ಅವುಗಳ ನೆಲೆಯನ್ನಾದರೂ ಬರೆದಿಡುವುದು ನಮ್ಮ ಮೇಲಿರುವ ಋಣ.